ಮೊಲ್ಡೋವಾದಲ್ಲಿ ಬಟಾಟೆ ಸಿಪ್ಪೆ

ನಮಸ್ಕಾರ. ನಾನು ಉಡುಪಿಯವಳು, ಈಗ ಇಂಗ್ಲೆಂಡಿನಲ್ಲಿ ನರ್ಸ್. ಇವತ್ತು ಮೊಲ್ಡೋವಾ ಅನ್ನುವ ದೇಶಕ್ಕೆ ಹೋಗಿಬಂದ ಕಥೆ ಹೇಳುತ್ತೇನೆ. ಅದೆಲ್ಲಿದೆ ಅಂತ ಮೊದಲು ನನಗೂ ಗೊತ್ತಿರಲಿಲ್ಲ, ಬೇಜಾರು ಮಾಡ್ಕೋಬೇಡಿ. ರೊಮೇನಿಯಾ ಮತ್ತು ಉಕ್ರೇನಿನ ನಡುವೆ ಇರುವ ಪುಟ್ಟ ದೇಶ, 1991 ರವರೆಗೆ ಸೋವಿಯತ್ ಒಕ್ಕೂಟದಲ್ಲಿತ್ತು. ರಾಜಧಾನಿ ಕಿಶಿನೌ. ಜನ ಆಡುವುದು ರೊಮೇನಿಯನ್, ರಷ್ಯನ್ ಕೂಡ ನಡೆಯುತ್ತದೆ.

ಅಲ್ಲಿಯ ಒಂದು ಹಳ್ಳಿಯಲ್ಲಿ ಬ್ಯಾಪ್ಟಿಸ್ಟ್ ಪಂಗಡದ ಒಂದು ಚಿಕ್ಕ ಕ್ರೈಸ್ತ ಸಭೆಯವರು ಬೇಸಿಗೆ ರಜೆಯಲ್ಲಿ ಮಕ್ಕಳ ಶಿಬಿರ ನಡೆಸುತ್ತಾರೆ. ಇಂಗ್ಲೆಂಡಿನ ನಮ್ಮ ಚರ್ಚಿನಿಂದ ಏಳೆಂಟು ಜನ ಸಹಾಯಕ್ಕೆ ಹೋಗುವುದು. ನಮ್ಮೂರಿನ ಸಿ.ಎಸ್.ಐ. ಚರ್ಚುಗಳಲ್ಲಿ ರಜೆಯಲ್ಲಿ ವಿ.ಬಿ.ಎಸ್., ಅಂದರೆ ಮಕ್ಕಳ ರಜಾ ಬೈಬಲ್ ಶಾಲೆ, ಮಾಡ್ತಾರಲ್ಲ, ಹಾಡು, ಬಾಯಿಪಾಠ ವಾಕ್ಯ, ಬಣ್ಣದ ಕಾಗದ, ಕೊನೆಗೆ ಬಿಸ್ಕೆಟು, ಸುಮಾರಾಗಿ ಅದೇ. ಈ ವಿ.ಬಿ.ಎಸ್. ಅನ್ನುವುದರ ಬೇರು 1898 ರ ನ್ಯೂಯಾರ್ಕಿನಲ್ಲಿದೆ. ಬೀದಿ ಸುತ್ತುವ ಮಕ್ಕಳಿಗಾಗಿ ಒಬ್ಬ ಹೆಂಗಸು ಬಿಯರ್ ಕುಡಿಯುವ ದೊಡ್ಡ ಕೊಠಡಿಯನ್ನೇ ಬಾಡಿಗೆಗೆ ಹಿಡಿದು ಶುರು ಮಾಡಿದ್ದಂತೆ. ನಮ್ಮ ಹಿರಿಯರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ.

ಹೋಗುವ ಮೊದಲು ಇಂಗ್ಲೆಂಡಿನಲ್ಲಿ ಡಿ.ಬಿ.ಎಸ್. ಅಂತ ಒಂದು ತಪಾಸಣೆ ಆಗಬೇಕು, ನಮ್ಮ ಮೇಲೆ ಯಾವುದಾದರೂ ಕೇಸು ಇದೆಯಾ ಅಂತ. ಆಮೇಲೆ ತಂಡದ ನಿಯಮಗಳು. ಯಾವ ಮಗುವಿನ ಜೊತೆಗೂ ಒಬ್ಬರೇ ಇರುವಂತಿಲ್ಲ, ಫೋನಿನಲ್ಲಿ ಫೋಟೊ ತೆಗೆಯುವಂತಿಲ್ಲ, ಪ್ರತ್ಯೇಕವಾಗಿ ಉಡುಗೊರೆ ಕೊಡುವಂತಿಲ್ಲ. ಇಷ್ಟೆಲ್ಲಾ ಯಾಕೆ, ಪ್ರೀತಿ ಮಾಡೋಕೆ ಹೋಗ್ತಿದ್ದೇವೆ ತಾನೆ, ಅಂತ ಆಗ ಅನ್ನಿಸಿತ್ತು.

ಮೊದಲ ದಿನವೇ ಏಳು ವರ್ಷದ ಒಬ್ಬ ಹುಡುಗ ಬಂದು ನನ್ನ ಕೈ ಹಿಡಿದ. ಬಿಡಲೇ ಇಲ್ಲ. ಊಟಕ್ಕೂ ಪಕ್ಕದಲ್ಲಿ, ಹಾಡಿಗೂ ಪಕ್ಕದಲ್ಲಿ. ಭಾಷೆ ಬಾರದ, ಯಾವುದೋ ದೇಶದ, ಬೇರೆ ಬಣ್ಣದ ಹೆಂಗಸು ನಾನು. ಒಳಗೊಳಗೇ ಹಿಗ್ಗಿದೆ. ರಾತ್ರಿ ಶಿಬಿರದ ಸ್ಥಳೀಯ ಮೇಲ್ವಿಚಾರಕಿ, ಇಪ್ಪತ್ತೆರಡು ವರ್ಷದ ಹುಡುಗಿ, ಮೆಲ್ಲನೆ ಹೇಳಿದಳು, "ಅಕ್ಕ, ಹೋದ ವರ್ಷ ಬಂದವರ ಕೈಯನ್ನೂ ಹೀಗೇ ಹಿಡಿದಿದ್ದ." ಅವಳು ಅಕ್ಕ ಅಂದದ್ದು ರೊಮೇನಿಯನ್‌ನಲ್ಲಲ್ಲ, ನಾನೇ ಬೆಳಿಗ್ಗೆ ಕಲಿಸಿದ್ದೆ.

ಆ ಹುಡುಗ ಚಿಕ್ಕವನಿದ್ದಾಗ ಇಂಟರ್ನಾಟ್‌ನಲ್ಲಿದ್ದವನು. ಅಂದರೆ ಸೋವಿಯತ್ ಕಾಲದಿಂದ ಬಂದ ದೊಡ್ಡ ವಸತಿ ಸಂಸ್ಥೆ. ಪಕ್ಕದ ರೊಮೇನಿಯಾದ ಸಂಗತಿ ನೀವು ಕೇಳಿರಬಹುದು. ಅಲ್ಲಿಯ ಸರ್ವಾಧಿಕಾರಿ ಚೌಶೆಸ್ಕು 1966 ರಲ್ಲಿ ಗರ್ಭಪಾತ ನಿಷೇಧಿಸಿದ, ಸಾಕಲಾಗದ ಮನೆಗಳು ಮಕ್ಕಳನ್ನು ಸರ್ಕಾರಿ ಅನಾಥಾಲಯಗಳಿಗೆ ಬಿಟ್ಟವು, 1989 ರಲ್ಲಿ ಅವನು ಬಿದ್ದಾಗ ಒಳಗೆ ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ಅಮೆರಿಕದ ಸಂಶೋಧಕರು 2000 ದಲ್ಲಿ ಬುಖಾರೆಸ್ಟಿನಲ್ಲಿ ಇಂಥ 136 ಮಕ್ಕಳ ಅಧ್ಯಯನ ಶುರು ಮಾಡಿದರು. ಸಂಸ್ಥೆಗಳಲ್ಲಿ ಬೆಳೆದ ಮಕ್ಕಳಲ್ಲಿ ಕಾಣುವ ಒಂದು ಲಕ್ಷಣ ಏನು ಗೊತ್ತಾ? ಅಪರಿಚಿತರ ಬಳಿ ಒಂದಿಷ್ಟೂ ಅಳುಕಿಲ್ಲದೆ ಹೋಗಿಬಿಡುವುದು. ನಾವು ಅದನ್ನು ಪ್ರೀತಿ ಅಂದುಕೊಳ್ಳುತ್ತೇವೆ. ನೋಡಿಕೊಳ್ಳುವವರು ಮತ್ತೆ ಮತ್ತೆ ಬದಲಾದ ಮಗು, ಸಿಕ್ಕಿದ ಕೈ ಹಿಡಿಯುತ್ತದೆ, ಅಷ್ಟೇ. ಮತ್ತೆ ನಾವು ಆರನೇ ದಿನ ಟಾಟಾ ಮಾಡಿ ವಿಮಾನ ಹತ್ತುತ್ತೇವೆ.

ಮೊಲ್ಡೋವಾ ಸರ್ಕಾರ 2007 ರಿಂದ ಇಂಟರ್ನಾಟ್‌ಗಳನ್ನು ಕಡಿಮೆ ಮಾಡುತ್ತಾ ಬಂದಿದೆ. ಈಗ ಶಿಬಿರಕ್ಕೆ ಬರುವ ಜಾಸ್ತಿ ಮಕ್ಕಳು ಅಜ್ಜಿ ಮನೆಯವರು. ಅಪ್ಪ ಎಲ್ಲೋ ಕಟ್ಟಡ ಕೆಲಸಕ್ಕೆ, ಅಮ್ಮ ಇಟಲಿಯಲ್ಲಿ ಯಾರದ್ದೋ ಮನೆಯ ಮುದುಕರನ್ನು ನೋಡಿಕೊಳ್ಳಲಿಕ್ಕೆ. 2022 ರ ನಂತರ ಯುದ್ಧ ತಪ್ಪಿಸಿಕೊಂಡು ಬಂದ ಉಕ್ರೇನಿನ ಮಕ್ಕಳೂ ಇದ್ದಾರೆ. ಅಜ್ಜಿಗೆ ಅಲ್ಲಿ ಬುನಿಕಾ ಅನ್ನುತ್ತಾರೆ. ಇದು ನನಗೆ ತಟ್ಟನೆ ಅರ್ಥವಾಯಿತು, ಯಾಕೆಂದರೆ ನಾನೂ ಬುನಿಕಾ ಮನೆಯ ಹುಡುಗಿಯೇ. ನಮ್ಮಮ್ಮ ಕುವೈತಿನಲ್ಲಿ ನರ್ಸ್ ಆಗಿದ್ದರು, ಎರಡು ವರ್ಷಕ್ಕೊಮ್ಮೆ ಪೆಟ್ಟಿಗೆ ತುಂಬ ಚಾಕೊಲೇಟು, ಪೌಡರು, ಸೋಪು ತರುತ್ತಿದ್ದರು, ಮೊದಲ ಎರಡು ದಿನ ನಾನು ಅವರನ್ನು ಕಂಡರೆ ಅಜ್ಜಿಯ ಹಿಂದೆ ಅಡಗುತ್ತಿದ್ದೆ.

ಮೂರನೇ ದಿನ ಬೈಬಲಿನ ತಪ್ಪಿಹೋದ ಮಗನ ಕಥೆ. ಮಗ ಮನೆ ಬಿಟ್ಟು ಹೋಗುತ್ತಾನೆ, ಅಪ್ಪ ಕಾಯುತ್ತಾನೆ, ತಿರುಗಿ ಬಂದಾಗ ಕ್ಷಮಿಸುತ್ತಾನೆ, ನಿಮಗೂ ಗೊತ್ತಲ್ಲ. ನಮ್ಮ ತಂಡದವರು ಗೊಂಬೆ ಹಿಡಿದು ಚೆನ್ನಾಗಿಯೇ ಹೇಳಿದರು. ಒಂದು ಹುಡುಗಿ ಎದ್ದು ಕೇಳಿದಳು, "ನಮ್ಮಲ್ಲಿ ಹೋಗಿರುವುದು ಅಮ್ಮ, ಕಾಯ್ತಿರೋದು ನಾನು, ಹಾಗಾದರೆ ಯಾರು ಯಾರನ್ನು ಕ್ಷಮಿಸಬೇಕು?" ಅನುವಾದ ಮಾಡುತ್ತಿದ್ದ ಹುಡುಗನಿಗೇ ಗಂಟಲು ಕಟ್ಟಿತು. ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಆ ಮೇಲ್ವಿಚಾರಕಿ ಮಾತ್ರ ಅವಳ ಪಕ್ಕ ಹೋಗಿ ಕೂತು ಏನೋ ಹೇಳಿದಳು. ಏನು ಅಂತ ನಾನು ಕೇಳಲಿಲ್ಲ. ಆ ಮೇಲ್ವಿಚಾರಕಿಯ ಅಮ್ಮನೂ ಇಟಲಿಯಲ್ಲೇ.

ಅವತ್ತಿನಿಂದ ನಾನು ಅಡುಗೆಮನೆ ಸೇರಿದೆ. ಸಿಟ್ಟಿನಿಂದಲ್ಲ. ಮಕ್ಕಳ ಗುಂಪುಗಳನ್ನು ಆ ಊರಿನ ಹುಡುಗ ಹುಡುಗಿಯರೇ ನಡೆಸಲಿ, ಚಳಿಗಾಲದಲ್ಲಿ ಶನಿವಾರ ಶನಿವಾರ ಈ ಮಕ್ಕಳನ್ನು ನೋಡುವವರು ಅವರೇ ತಾನೆ, ಅವರ ಕೈ ಖಾಲಿಯಾಗಬೇಕಾದರೆ ಪಾತ್ರೆ ತೊಳೆಯುವ, ಕಕ್ಕಸು ತೊಳೆಯುವ, ಬಟಾಟೆ ಸಿಪ್ಪೆ ತೆಗೆಯುವ ಕೆಲಸ ಯಾರಾದರೂ ಮಾಡಬೇಕಲ್ಲ. ನಮ್ಮ ತಂಡದ ಕೆಲವರಿಗೆ ಇದು ಹಿಡಿಸಲಿಲ್ಲ. ಇಷ್ಟು ದೂರ ಬಂದದ್ದು ಬಟಾಟೆಗಾ ಅಂದರು. ಟಿಕೆಟ್ಟಿನ ದುಡ್ಡನ್ನು ಆ ಮೇಲ್ವಿಚಾರಕಿಯ ಸಂಬಳಕ್ಕೆ ಕೊಟ್ಟಿದ್ದರೆ ಇನ್ನೂ ಒಳ್ಳೆಯದಿತ್ತೇನೋ ಅಂತ ನಾನೂ ಲೆಕ್ಕ ಹಾಕಿದ್ದುಂಟು.

ಪ್ರಾರ್ಥನೆಯ ಮಾತೂ ಹೇಳಿಬಿಡ್ತೇನೆ. ಅಲ್ಲಿ ಹೆಚ್ಚಿನ ಮನೆಗಳು ಆರ್ಥೊಡಾಕ್ಸ್ ಅನ್ನುವ ಕ್ರೈಸ್ತ ಪಂಗಡದವು. ಕೆಲವು ಮಕ್ಕಳು ಊಟಕ್ಕೆ ಮುಂಚೆ ತಮ್ಮ ಪದ್ಧತಿಯಂತೆ, ಬಲಗಡೆಯಿಂದ ಎಡಕ್ಕೆ, ಶಿಲುಬೆಯ ಗುರುತು ಹಾಕುತ್ತಿದ್ದರು. ನಮ್ಮವರೊಬ್ಬರು ಅದನ್ನು ನಮ್ಮ ರೀತಿಗೆ ತಿದ್ದಲು ಹೋದರು. ನನಗೆ ನಾಚಿಕೆಯಾಯಿತು. ತಟ್ಟೆ ಮುಂದಿಟ್ಟುಕೊಂಡ ಮಗುವಿಗೆ ಬೇಡ ಅನ್ನುವ ಧೈರ್ಯ ಎಲ್ಲಿಂದ ಬರಬೇಕು?

ಅಂದ ಹಾಗೆ ಊಟ. ಮಮಲಿಗಾ ಅಂತ ಮಾಡುತ್ತಾರೆ, ಜೋಳದ ಹಿಟ್ಟು, ನಮ್ಮ ಮೆಕ್ಕೆಜೋಳ, ಕುದಿಯುವ ನೀರಿಗೆ ಹಾಕಿ ಕೋಲಲ್ಲಿ ತಿರುವಿ, ಮರದ ಹಲಗೆ ಮೇಲೆ ಬೋರಲು ಹಾಕಿ, ದಾರದಲ್ಲಿ ಕತ್ತರಿಸುತ್ತಾರೆ. ಚಾಕು ಅಲ್ಲ, ದಾರ! ಜೊತೆಗೆ ಉಪ್ಪಿನ ಚೀಸ್, ಹುಳಿ ಕೆನೆ. ನನ್ನ ಗಂಡ ಮಂಡ್ಯದವರು, ವಿವರಿಸಿದರೆ "ಹಳದಿ ಮುದ್ದೆ ಅನ್ನು" ಅಂದರು.

ಮರುವರ್ಷ ಮತ್ತೆ ಹೋದೆ. ಆ ಹುಡುಗ ಗೇಟಿನಲ್ಲೇ ಇದ್ದ. ನನ್ನನ್ನು ನೋಡಿದ, ಗುರುತು ಸಿಕ್ಕಿತೋ ಇಲ್ಲವೋ, ಬುನಾ ಅಂತ ಒಂದು ನಮಸ್ಕಾರ ಹೇಳಿ ಸೀದಾ ಆ ಮೇಲ್ವಿಚಾರಕಿಯ ಹತ್ತಿರ ಓಡಿದ. ಸ್ವಲ್ಪ ಚುರುಕ್ ಅಂದಿತು, ಸುಳ್ಳು ಯಾಕೆ ಹೇಳಲಿ. ಒಳಗೆ ಹೋದರೆ ಬಟಾಟೆ ಮೂಟೆ ಇಳಿಸುತ್ತಿದ್ದರು.