ಚಂದ್ರಗಿರಿ ದಂಡೆಯ ಪ್ರಕೃತಿ ಕಲಿಕಾ ಕೇಂದ್ರದಲ್ಲಿ ಒಂದು ಭಾನುವಾರ

ನಮಸ್ಕಾರ. ಈ ವಿಡಿಯೊದಲ್ಲಿ ಈಗ ನಿಮಗೆ ಕಾಣುತ್ತಿರುವುದು ಕಾಸರಗೋಡಿನ ಚಂದ್ರಗಿರಿ ಹೊಳೆಯ ದಂಡೆಯಲ್ಲಿರುವ ಹಂಚಿನ ಕಟ್ಟಡ. ಹಿಂದೆ ವಾಚನಾಲಯವಾಗಿದ್ದ ಇದನ್ನು ಊರವರೇ ಸೇರಿ, ಮಕ್ಕಳೂ ಹೆತ್ತವರೂ ಒಟ್ಟಿಗೆ ಕುಳಿತು ಕಾಡು, ಹೊಳೆ, ಜೀವಿಗಳ ವಿಚಾರ ತಿಳಿಯುವ ಕೇಂದ್ರವನ್ನಾಗಿ ಮಾಡಿದ್ದಾರೆ. ಟಿಕೆಟ್ ಇಲ್ಲ, ಬೋನೂ ಇಲ್ಲ. "ಪ್ರಾಣಿಗಳು ಎಲ್ಲಿವೆ?" ಎಂದು ಕೇಳುವವರಿಗೆ ಇಲ್ಲಿನ ಹಿರಿಯ ಮಾಷ್ಟ್ರು ಕಿಟಕಿಯಾಚೆಗಿನ ಹೊಳೆಯನ್ನು ತೋರಿಸುತ್ತಾರೆ. ನನ್ನ ಮಟ್ಟಿಗೆ ಅದೇ ಸರಿಯಾದ ಉತ್ತರ.

ಗೋಡೆಯ ಮೇಲಿನ ನಾಲ್ಕು ಚಿತ್ರಗಳನ್ನು ಗಮನಿಸಿ. ತನ್ನದೇ ಆದ ಮರ, ಹೂ, ಹಕ್ಕಿ ಮತ್ತು ಜೀವಿಯನ್ನು ಘೋಷಿಸಿಕೊಂಡ ದೇಶದ ಮೊದಲ ಜಿಲ್ಲೆ ನಮ್ಮ ಕಾಸರಗೋಡು. ಕಾಸರಕದ ಮರ, ಪೆರಿಯ ಎಂಬ ಊರಿನ ಪೊಳತ್ತಾಳಿ ಹೂ, ಬಿಳಿಹೊಟ್ಟೆಯ ಕಡಲಹದ್ದು, ಮತ್ತು ಮಲಯಾಳದಲ್ಲಿ ಪಾಲಪ್ಪೂವನ್ ಎನ್ನುವ ಕ್ಯಾಂಟರ್ ದೈತ್ಯ ಮೆದುಚಿಪ್ಪಿನ ಆಮೆ.

ನೆಲದ ಮೇಲಿರುವುದು ಆ ಆಮೆಯ ಮಣ್ಣಿನ ಮಾದರಿ. ಅಗಲವಾದ ಚಪ್ಪಟೆ ತಲೆಯನ್ನೂ ಮೂತಿಯ ತುದಿಗೇ ಹತ್ತಿಕೊಂಡಂತಿರುವ ಪುಟ್ಟ ಕಣ್ಣುಗಳನ್ನೂ ನೋಡಿ. ನೂರು ಕಿಲೋ ಮೀರಿ ಬೆಳೆಯಬಲ್ಲ ಈ ಜೀವಿ ಬಹುಪಾಲು ಹೊತ್ತು ಹೊಯ್ಗೆಯೊಳಗೆ, ಅಂದರೆ ಮರಳಿನೊಳಗೆ, ಹುದುಗಿ ಅಲುಗಾಡದೆ ಇರುತ್ತದೆ, ಉಸಿರಿಗಾಗಿ ದಿನಕ್ಕೆ ಎರಡು ಬಾರಿಯಷ್ಟೇ ಮೇಲೆ ಬರುತ್ತದೆ. ಹೀಗಿರುವಾಗ ಹೊರಗಿನಿಂದ ಬಂದ ಸಂಶೋಧಕರಿಗೆ ಇದರ ಜಾಡು ಸಿಕ್ಕಿದ್ದು ಹೊಳೆಯನ್ನೇ ನಂಬಿ ಬದುಕುವವರ ಮಾತಿನಿಂದ. ಗೂಡು ನೀರಿನಲ್ಲಿ ಮುಳುಗಿದಾಗ ಮೊಟ್ಟೆಗಳನ್ನು ಎತ್ತಿ ಕಾಪಾಡಿ, ಮರಿಗಳನ್ನು ಹೊಳೆಗೆ ಬಿಟ್ಟವರಲ್ಲಿಯೂ ಊರವರಿದ್ದಾರೆ.

ಇನ್ನು ಈ ದೃಶ್ಯದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು. ಒಬ್ಬರು ಮಗಳನ್ನು ಕರೆದುಕೊಂಡು, ನೀಲಿ ಬಾಲ್ದಿಯಲ್ಲಿ ಒಂದು ಮೆದುಚಿಪ್ಪಿನ ಆಮೆಮರಿಯನ್ನು ತಂದರು. ಎಲ್ಲ ಮಕ್ಕಳೂ ನೋಡಲಿ ಎಂಬುದೇ ಅವರ ಉದ್ದೇಶ, ಅದರಲ್ಲಿ ಸಂಶಯವಿಲ್ಲ. ಆದರೆ ಆ ಮರಿ ಮುಂಗಾಲಿನ ಉಗುರುಗಳಿಂದ ಬಾಲ್ದಿಯ ತಳವನ್ನು ಬಿಡದೆ ಕೆರೆಯುತ್ತಿತ್ತು. ಅಪಾಯ ಕಂಡರೆ ಹೊಯ್ಗೆಗೆ ಇಳಿಯುವುದೊಂದೇ ಅದಕ್ಕೆ ಗೊತ್ತಿರುವ ದಾರಿ, ಅಲ್ಲಿ ಹೊಯ್ಗೆಯೇ ಇರಲಿಲ್ಲ. ಅಷ್ಟರಲ್ಲಿ ಐದಾರು ಮೊಬೈಲುಗಳು ಬಾಲ್ದಿಯ ಮೇಲೆ ಬಾಗಿದವು, ಒಬ್ಬರು ಅದನ್ನು ಅಂಗೈ ಮೇಲಿಟ್ಟು ಚಿತ್ರ ತೆಗೆಯಬೇಕೆಂದರು. ನನಗೆ ನಿಜವಾಗಿಯೂ ಸಿಟ್ಟು ಬಂತು. ನಮ್ಮ ಮೆದುಚಿಪ್ಪಿನ ಆಮೆಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ, ಅಂದರೆ ಅತಿ ಕಟ್ಟುನಿಟ್ಟಿನ, ರಕ್ಷಣೆಯಿದೆ, ಹಿಡಿಯುವುದೇ ಅಪರಾಧ. ಆದರೂ ಮಾಷ್ಟ್ರು ಕಾಯ್ದೆಯ ಮಾತಿನಿಂದ ಆರಂಭಿಸಲಿಲ್ಲ. "ಎಲ್ಲಿ ಸಿಕ್ಕಿತು ಮಗಾ? ಆ ಜಾಗ ನಮಗೂ ತೋರಿಸ್ತೀಯಾ?" ಎಂದು ಹುಡುಗಿಯನ್ನೇ ಮುಂದೆ ಬಿಟ್ಟು, ಅರಣ್ಯ ಇಲಾಖೆಗೆ ಫೋನ್ ಮಾಡಿ ತಿಳಿಸಿ, ಎಲ್ಲರನ್ನೂ ದಂಡೆಗೆ ಕರೆದೊಯ್ದರು. ಹಿಡಿದು ತರಬಾರದು, ಕಂಡ ಜಾಗ ಮತ್ತು ಹೊತ್ತು ಬರೆದಿಟ್ಟು ತಿಳಿಸಬೇಕು ಎಂಬ ಪಾಠ ತಂದೆಗೂ ಅಲ್ಲಿಯೇ ಆಯಿತು. ಕೇಂದ್ರದ ಬಾಗಿಲಲ್ಲಿ ದೊಡ್ಡ ಎಚ್ಚರಿಕೆ ಫಲಕ ಹಾಕಬೇಕೆಂದು ನಾನು ವಾದಿಸುತ್ತಿದ್ದೆ. ಇದನ್ನು ಕಂಡ ಮೇಲೆ, ಫಲಕಕ್ಕಿಂತ ಇಂಥ ಒಬ್ಬ ಮನುಷ್ಯ ಬೇಕು ಎನ್ನಿಸುತ್ತಿದೆ.

ದೃಶ್ಯ ಮುಗಿಯುತ್ತಾ ಬಂತು, ಹಾವುಗಳ ಮೂಲೆಗೆ ಹೋಗೋಣ. ಬರೀ ಫೋಟೊಗಳು ಮಕ್ಕಳಿಗೆ ಬೇಸರ ತರಿಸುತ್ತವೆ ಎಂದುಕೊಂಡಿದ್ದೆ, ಆದರೆ ಹೆಚ್ಚು ಜನ ನಿಂತದ್ದು ಇಲ್ಲಿಯೇ. ಎಡಗಡೆ ವಿಷದ ಕಟ್ಟುಹಾವು, ಬಲಗಡೆ ಅದನ್ನೇ ಹೋಲುವ ನಿರುಪದ್ರವಿ ತೋಳಹಾವು. ಕಟ್ಟುಹಾವಿನ ಬೆನ್ನ ನಡುವಿನ ಹುರುಪೆಗಳು ದೊಡ್ಡವು, ಆರು ಮೂಲೆಯವು. ತೋಳಹಾವಿಗೆ ಅಂಥ ಸಾಲಿಲ್ಲ. ಅಷ್ಟು ಹತ್ತಿರದಿಂದ ಯಾರೂ ಹಾವನ್ನು ನೋಡಲು ಹೋಗಬಾರದು, ಆದ್ದರಿಂದಲೇ ಈ ದೊಡ್ಡ ಫೋಟೊಗಳು ಇಲ್ಲಿರಬೇಕು.

ಮಳೆಗಾಲದಲ್ಲಿ ಕೇಂದ್ರದವರು ಪೊಳತ್ತಾಳಿ ನೋಡಲು ಪೆರಿಯದ ತೋಡಿಗೆ ಹೋಗುತ್ತಾರೆ. ಹೂ ಕೀಳಬಾರದು, ಗೆಡ್ಡೆ ಮುಟ್ಟಬಾರದು. ಮಕ್ಕಳನ್ನು ಬಿಟ್ಟು ಮರಳುವಂತಿಲ್ಲ, ಹೆತ್ತವರೂ ಪೂರ್ತಿ ಜೊತೆಗಿರಬೇಕು. ಈ ನಿಯಮಕ್ಕೆ ಒಪ್ಪಿಗೆಯಿದ್ದವರು ಮಾತ್ರ ಹೆಸರು ಬರೆಸಿರಿ.