ಐಸಿಂಗ್ ಹಚ್ಚಿದ ಕುಕೀ ಮೆತ್ತಗೆ, ಬೋಳು ಕುಕೀ ಗಟ್ಟಿ: ಯಾಕೆ ಹೀಗೆ?

[ತೆರೆಯ ಮೇಲೆ: ಒಂದೇ ಟ್ರೇಯಲ್ಲಿ ಬೆಂದ ಎರಡು ಶುಗರ್ ಕುಕೀ. ಒಂದಕ್ಕೆ ಐಸಿಂಗ್ ಇದೆ, ಇನ್ನೊಂದು ಬೋಳು. ಎರಡನ್ನೂ ಕೈಯಲ್ಲಿ ಮುರಿಯುವುದು.]

ನಮಸ್ಕಾರ. ಈ ಎರಡೂ ಕುಕೀ ಒಂದೇ ಮುದ್ದೆಯವು, ಒಂದೇ ಟ್ರೇಯಲ್ಲಿ ಬೆಂದವು, ಒಂದೇ ಮೇಜಿನ ಮೇಲೆ ಇದ್ದವು. ಬೋಳು ಕುಕೀ ಟಕ್ ಅಂತ ಮುರೀತು. ಐಸಿಂಗ್ ಹಚ್ಚಿದ್ದು ಮೊದಲು ಸ್ವಲ್ಪ ಬಾಗಿತು, ಆಮೇಲೆ ಮೇಲಿನ ಪದರ ಬಿರೀತು. ಒಳಗೆ ನೋಡಿ, ಇನ್ನೂ ಮೆತ್ತಗಿದೆ.

ಐಸಿಂಗ್ ಒಣಗಿ ಗಟ್ಟಿಯಾಗೋ ವಸ್ತು. ಅಂಥದ್ದನ್ನು ಮೇಲೆ ಹಚ್ಚಿದರೆ ಒಳಗಿನ ಕುಕೀ ಮೆತ್ತಗೆ ಉಳಿಯೋದು ಹೇಗೆ? ಇವತ್ತಿನ ಪ್ರಶ್ನೆ ಇದೇ. ಉತ್ತರ ಪೂರ್ತಿ ನೀರಿನ ಲೆಕ್ಕದಲ್ಲಿದೆ. ಈ ಲೆಕ್ಕ ಗೊತ್ತಾದರೆ ಹಿಟ್ಟು ಕಲಸೋದರಿಂದ ಡಬ್ಬಿ ಮುಚ್ಚೋವರೆಗೂ ಎಲ್ಲಿ ಎಡವುತ್ತೇವೆ ಅನ್ನೋದು ತಾನಾಗೇ ಕಾಣುತ್ತೆ.

[ತೆರೆಯ ಮೇಲೆ: ಅಳತೆಪಟ್ಟಿ]

ಅಳತೆ ಬೇಗ ಹೇಳಿಬಿಡ್ತೀನಿ. ಉಪ್ಪಿಲ್ಲದ ಬೆಣ್ಣೆ 225 ಗ್ರಾಂ. ಸಣ್ಣ ಹರಳಿನ ಸಕ್ಕರೆ 180 ಗ್ರಾಂ. ಲಿಕ್ವಿಡ್ ಗ್ಲೂಕೋಸ್ ಅನ್ನೋ ಮಂದ ಸಕ್ಕರೆ ಪಾಕ 20 ಗ್ರಾಂ, ಅಂದ್ರೆ ಸುಮಾರು ಒಂದು ದೊಡ್ಡ ಚಮಚ. ಒಂದು ಇಡೀ ಮೊಟ್ಟೆ, ಜೊತೆಗೆ ಒಂದು ಹಳದಿ ಮಾತ್ರ. ವೆನಿಲಾ ಎರಡು ಚಿಕ್ಕ ಚಮಚ. ಮೈದಾ 350 ಗ್ರಾಂ, ಕಾರ್ನ್‌ಫ್ಲೋರ್ 25 ಗ್ರಾಂ, ಬೇಕಿಂಗ್ ಪೌಡರ್ ಒಂದು ಚಿಕ್ಕ ಚಮಚ, ಉಪ್ಪು ಅರ್ಧ ಚಿಕ್ಕ ಚಮಚ. ಏಳೂವರೆ ಸೆಂಟಿಮೀಟರ್ ಅಗಲದ ಕುಕೀ ಸುಮಾರು 20 ಬರುತ್ತೆ.

ಈಗ ನೀರು ಎಲ್ಲಿದೆ ಹುಡುಕೋಣ. ಪಟ್ಟಿಯಲ್ಲಿ ನೀರು ಅಂತ ಎಲ್ಲೂ ಇಲ್ಲ. ಆದ್ರೆ ಬೆಣ್ಣೆಯಲ್ಲಿ ಸುಮಾರು ನೂರಕ್ಕೆ ಹದಿನಾರು ಪಾಲು ನೀರೇ, ಅಲ್ಲಿಗೆ 36 ಗ್ರಾಂ. ಮೊಟ್ಟೆಯಲ್ಲಿ ಮುಕ್ಕಾಲು ಪಾಲು ನೀರು. ಹಳದಿಯಲ್ಲಿ ಅರ್ಧದಷ್ಟು. ಗ್ಲೂಕೋಸಿನದೂ ಸೇರಿಸಿದರೆ 85 ಗ್ರಾಂ ಆಸುಪಾಸು. ಮೈದಾ ತನ್ನೊಳಗೇ ಹಿಡಿದಿಟ್ಟುಕೊಂಡಿರೋ ತೇವವನ್ನು ಇದರಲ್ಲಿ ಸೇರಿಸಿಲ್ಲ. ಸುಮಾರು 885 ಗ್ರಾಂ ಮುದ್ದೆಗೆ ಇಷ್ಟೇ ಇಷ್ಟು ನೀರು. ಮೆತ್ತಗಿನ ಕುಕೀ ಅಂದ್ರೆ ಈ 85 ಗ್ರಾಮನ್ನು ಆದಷ್ಟು ಒಳಗೇ ಉಳಿಸಿಕೊಂಡಿರೋ ಕುಕೀ.

ಇದಕ್ಕೇ ನಾನು ತಕ್ಕಡಿ ಬೇಕೇ ಬೇಕು ಅನ್ನೋದು. ಮೈದಾವನ್ನು ಚಮಚದಲ್ಲಿ ಸಡಿಲವಾಗಿ ತುಂಬಿದರೆ ಒಂದು ಕಪ್ 120 ಗ್ರಾಂ ತೂಗುತ್ತೆ. ಕಪ್ಪನ್ನೇ ಹಿಟ್ಟಿನೊಳಗೆ ಅದ್ದಿ ಒತ್ತಿ ತೆಗೆದರೆ 150 ಗ್ರಾಂ. ಮೂರು ಕಪ್ಪಿಗೆ 90 ಗ್ರಾಂ ವ್ಯತ್ಯಾಸ. ನಮ್ಮ ಹತ್ತಿರ ಇರೋ ನೀರೇ 85! ಆ ಹೆಚ್ಚುವರಿ ಮೈದಾ ಇದ್ದಬದ್ದ ತೇವವನ್ನೆಲ್ಲ ಹೀರಿ ಕೂರುತ್ತೆ. ಆಮೇಲೆ ಓವನ್ನನ್ನು ಎಷ್ಟು ಜಾಗ್ರತೆಯಾಗಿ ನೋಡಿಕೊಂಡರೂ ಪ್ರಯೋಜನ ಇಲ್ಲ.

ಗ್ಲೂಕೋಸ್ ಯಾಕೆ ಅಂತ ಅನ್ನಿಸಿರಬಹುದು. ಕೋಣೆಯ ಬಿಸಿಯಲ್ಲಿ ಒಂದು ಗ್ರಾಂ ನೀರು ಸುಮಾರು ಎರಡು ಗ್ರಾಂ ಸಕ್ಕರೆ ಕರಗಿಸುತ್ತೆ. ಓವನ್ನಿನ ಬಿಸಿಗೆ ಇನ್ನೂ ಹೆಚ್ಚು. ಕುಕೀ ಆರಿ, ನೀರು ಸ್ವಲ್ಪ ಸ್ವಲ್ಪವಾಗಿ ಹೊರಟುಹೋಗ್ತಿದ್ದ ಹಾಗೆ, ಕರಗಿದ್ದ ಸಕ್ಕರೆಗೆ ಕರಗಿಯೇ ಇರೋಕೆ ಆಗಲ್ಲ. ಮತ್ತೆ ಹರಳುಗಟ್ಟುತ್ತೆ. ಮಾರನೇ ದಿನ ಕುಕೀ ಗಟ್ಟಿಯಾಗೋದರಲ್ಲಿ ಇದರ ಪಾಲು ದೊಡ್ಡದು. ಬೇರೆ ಜಾತಿಯ ಸಕ್ಕರೆ ಸ್ವಲ್ಪ ಬೆರೆತಿದ್ದರೆ ಹರಳು ಕಟ್ಟೋಕೆ ಅಡ್ಡಿಯಾಗುತ್ತೆ. ಗ್ಲೂಕೋಸ್ ಇಲ್ಲದಿದ್ದರೆ ಅಷ್ಟೇ ಜೇನುತುಪ್ಪ ಹಾಕಿ, ಅಂಚು ಸ್ವಲ್ಪ ಬೇಗ ಕೆಂಪಾಗುತ್ತೆ ಅನ್ನೋದನ್ನು ನೆನಪಿಟ್ಟುಕೊಳ್ಳಿ.

[ತೆರೆಯ ಮೇಲೆ: ಬೆಣ್ಣೆಗೆ ಬೆರಳು ಒತ್ತುವುದು. ಗುಳಿ ಬೀಳುತ್ತೆ, ಬೆರಳಿಗೆ ಜಿಡ್ಡು ಅಂಟುವುದಿಲ್ಲ.]

ಕಲಸೋದು. ಬೆಣ್ಣೆ 18ರಿಂದ 20 ಡಿಗ್ರಿಯಲ್ಲಿರಲಿ. ಒತ್ತಿದರೆ ಗುಳಿ ಬೀಳಬೇಕು, ಹೊಳಪು ಬರಬಾರದು. ಬೆಣ್ಣೆ, ಸಕ್ಕರೆ, ಗ್ಲೂಕೋಸ್ ಸೇರಿಸಿ ಒಂದೂವರೆ ನಿಮಿಷ ಬೀಟ್ ಮಾಡಿ, ಸಾಕು. ಕೇಕಿಗೆ ಮಾಡೋ ಹಾಗೆ ಬೆಳ್ಳಗೆ ಹಗುರಾಗೋವರೆಗೂ ಬೀಟ್ ಮಾಡಿದರೆ ಗಾಳಿ ತುಂಬಿಕೊಳ್ಳುತ್ತೆ. ಓವನ್ನಿನಲ್ಲಿ ಕುಕೀ ಉಬ್ಬಿ, ಕುಸಿದು, ಅಡ್ಡಡ್ಡ ಹರಡುತ್ತೆ. ನಕ್ಷತ್ರ ಕತ್ತರಿಸಿ ಇಟ್ಟರೆ ಮೂಲೆಗಳೆಲ್ಲ ಮೊಂಡಾಗಿರುತ್ತೆ. ಬೇಕಿಂಗ್ ಪೌಡರ್ ಜಾಸ್ತಿ ಹಾಕಿದರೂ ಇದೇ ಗತಿ. ಮೊಟ್ಟೆ, ಹಳದಿ, ವೆನಿಲಾ ಹಾಕಿ ಬೆರೆಸಿ. ಒಣ ಪದಾರ್ಥ ಹಾಕಿದ ಮೇಲೆ ಬಿಳಿ ಪುಡಿ ಕಾಣದಾದ ಕ್ಷಣ ನಿಲ್ಲಿಸಿ. ಹೆಚ್ಚು ನಾದಿದಷ್ಟೂ ಮೈದಾದಲ್ಲಿ ಗ್ಲೂಟೆನ್ ಅನ್ನೋ ಪ್ರೋಟೀನ್ ಜಾಲ ಬಿಗಿಯಾಗುತ್ತೆ, ಕುಕೀ ಅಗಿಯೋಕೆ ಬಿರುಸಾಗುತ್ತೆ.

ಮುಂದಿನ ಹೆಜ್ಜೆಯ ಕ್ರಮವನ್ನು ಬಹಳ ಜನ ತಿರುಗಾಮುರುಗಾ ಮಾಡ್ತಾರೆ. ಮುದ್ದೆಯನ್ನು ಫ್ರಿಜ್ಜಿನಲ್ಲಿಟ್ಟು, ಕಲ್ಲಿನ ಹಾಗಾದ ಮೇಲೆ ಲಟ್ಟಿಸೋಕೆ ಕೂರಬೇಡಿ. ಮೊದಲು ಲಟ್ಟಿಸಿ, ಆಮೇಲೆ ತಣ್ಣಗೆ ಮಾಡಿ. ಎರಡು ಬೇಕಿಂಗ್ ಪೇಪರ್ ನಡುವೆ ಮುದ್ದೆ ಇಟ್ಟು ಲಟ್ಟಿಸಿದರೆ ಒಣ ಹಿಟ್ಟು ಉದುರಿಸೋ ಅಗತ್ಯವೇ ಇಲ್ಲ. ಆ ಉದುರಿಸಿದ ಹಿಟ್ಟೂ ನೀರು ಕದಿಯೋದೇ. ದಪ್ಪ 8 ಮಿಲಿಮೀಟರ್. ಎರಡು ಪಕ್ಕದಲ್ಲೂ 8 ಮಿಲಿಮೀಟರ್ ದಪ್ಪದ ಪಟ್ಟಿ ಇಟ್ಟು, ಅವುಗಳ ಮೇಲೆ ಲಟ್ಟಣಿಗೆ ಓಡಿಸಿದರೆ ಎಲ್ಲ ಕಡೆ ಸಮ ಬರುತ್ತೆ. 4 ಮಿಲಿಮೀಟರಿಗೆ ಇಳಿಸಿದರೆ ಅಂಚು ಬೇಯೋ ಹೊತ್ತಿಗೆ ನಡುವೂ ಒಣಗಿರುತ್ತೆ. ಆಗ ಸಿಗೋದು ಗರಿಗರಿ ಬಿಸ್ಕತ್ತು. ಅದೂ ಚೆನ್ನಾಗಿರುತ್ತೆ, ಆದ್ರೆ ನಮಗೆ ಬೇಕಾದ್ದು ಅದಲ್ಲ.

ಹಾಳೆಸಮೇತ ಒಂದು ಗಂಟೆ ಫ್ರಿಜ್ಜಿನಲ್ಲಿಡಿ. ಕಟ್ಟರಿನಿಂದ ಕತ್ತರಿಸಿ, ಟ್ರೇಯಲ್ಲಿ ಜೋಡಿಸಿ, ಮತ್ತೆ 10 ನಿಮಿಷ ಫ್ರೀಜರಿನಲ್ಲಿಡಿ. ಇದನ್ನು ಬಿಡಬೇಡಿ. ಬೆಣ್ಣೆ 32ರಿಂದ 35 ಡಿಗ್ರಿಯ ಹೊತ್ತಿಗೆ ಕರಗಿ ನೀರಾಗುತ್ತೆ. ಅದಕ್ಕೆ ಮುಂಚೆ ಅಂಚು ಸೆಟ್ ಆಗೋಕೆ ಶುರುವಾದರೆ ಆಕಾರ ನಿಲ್ಲುತ್ತೆ. ಬಿಸಿ ಟ್ರೇ ಮೇಲೆ ಎರಡನೇ ಸರದಿ ಇಟ್ಟರೆ ಓವನ್ ಬಾಗಿಲು ಮುಚ್ಚೋ ಮುಂಚೆಯೇ ಬೆಣ್ಣೆ ಹರಿಯೋಕೆ ಹೊರಟಿರುತ್ತೆ.

[ತೆರೆಯ ಮೇಲೆ: ಓವನ್ನಿನೊಳಗೆ ಒಂದೇ ಕುಕೀ, ತೀರಾ ಹತ್ತಿರದಿಂದ.]

175 ಡಿಗ್ರಿ, ನಡುವಿನ ಅಂತಸ್ತು, 9ರಿಂದ 11 ನಿಮಿಷ. ಫ್ಯಾನ್ ಇರೋ ಓವನ್ ಆದರೆ 160 ಡಿಗ್ರಿ. ಗಡಿಯಾರಕ್ಕಿಂತ ಕುಕೀ ಮೈಯನ್ನೇ ನೋಡಿ. ಮೊದಲು ಇಡೀ ಮೇಲ್ಮೈ ಒದ್ದೆ ಒದ್ದೆಯಾಗಿ ಹೊಳೀತಿದೆ. ಈಗ ಅಂಚಿನಿಂದ ಹೊಳಪು ಆರ್ತಾ ಬರ್ತಿದೆ, ಮಬ್ಬಾದ ಉಂಗುರ ಒಳಗೊಳಗೆ ಸರೀತಿದೆ. ನಡುವೆ ನಾಣ್ಯದಷ್ಟು ಹೊಳಪು ಉಳಿದಿದೆ... ಈಗ ಅದೂ ಹೋಯ್ತು. ತೆಗೀರಿ! ಬಣ್ಣ ಬಂದಿಲ್ಲ, ಮುಟ್ಟಿದರೆ ಇನ್ನೂ ಮೆತ್ತಗಿದೆ, ಬೆಂದಿಲ್ಲ ಅನ್ನಿಸುತ್ತೆ. ಬೆಂದಿದೆ. ಟ್ರೇಯ ಕಾವಿನಲ್ಲೇ ಐದು ನಿಮಿಷ ಬಿಟ್ಟರೆ ತಳ ಗಟ್ಟಿಯಾಗಿ, ಎತ್ತೋಕೆ ಬರುತ್ತೆ. ಅಂಚು ಕೆಂಪಾಗೋವರೆಗೂ ಕಾದರೆ ಅಲ್ಲಿನ ನೀರು ಹೋಯ್ತು ಅಂತಲೇ ಅರ್ಥ. ಮೇಲೆ ಗುಳ್ಳೆ ಎದ್ದಿದ್ದರೆ, ಹೊರಗೆ ತೆಗೆದ ತಕ್ಷಣ ಚಪ್ಪಟೆ ತಳದ ಲೋಟದಿಂದ ಹಗುರಾಗಿ ಒತ್ತಿ. ಐಸಿಂಗಿಗೆ ಸಮತಟ್ಟು ಜಾಗ ಸಿಗುತ್ತೆ.

ಈಗ ಮೊದಲು ಕೇಳಿದ ಪ್ರಶ್ನೆಗೆ ಬರೋಣ. ರಾಯಲ್ ಐಸಿಂಗ್.

450 ಗ್ರಾಂ ಐಸಿಂಗ್ ಶುಗರ್, ಅಂದ್ರೆ ನುಣ್ಣಗೆ ಪುಡಿ ಮಾಡಿದ ಸಕ್ಕರೆ, 30 ಗ್ರಾಂ ಮೆರಿಂಗ್ ಪೌಡರ್, ಅಂದ್ರೆ ಮೊಟ್ಟೆಯ ಬಿಳಿಭಾಗ ಒಣಗಿಸಿ ಮಾಡಿದ ಪುಡಿ, 85 ಮಿಲಿಲೀಟರ್ ಉಗುರುಬೆಚ್ಚಗಿನ ನೀರು. ಜಿಡ್ಡಿಲ್ಲದ ಪಾತ್ರೆ. ನಿಧಾನ ವೇಗದಲ್ಲಿ ನಾಲ್ಕೈದು ನಿಮಿಷ. ಇದು ಗಟ್ಟಿ ಮೂಲ. ಇದಕ್ಕೆ ಅರ್ಧರ್ಧ ಚಮಚ ನೀರು ಸೇರಿಸ್ತಾ ಬೇಕಾದ ಹದಕ್ಕೆ ತಂದುಕೊಳ್ಳೋದು.

ಇಲ್ಲಿ ನೀರಿನ ಲೆಕ್ಕ ತಿರುಗಿ ನೋಡಿ. ಒಂದು ಕುಕೀ ಮೇಲೆ ಸುಮಾರು 15 ಗ್ರಾಂ ಐಸಿಂಗ್ ಕೂರುತ್ತೆ ಅಂದುಕೊಳ್ಳಿ. ಅದರಲ್ಲಿ ಎರಡೂವರೆ ಗ್ರಾಂ ಆಸುಪಾಸು ನೀರು. ಕುಕೀಗೆ ಬರೋ ಪಾಲು ಎಷ್ಟಿತ್ತು? 85 ಗ್ರಾಮನ್ನು ಇಪ್ಪತ್ತಕ್ಕೆ ಹಂಚಿದರೆ ನಾಲ್ಕು ಗ್ರಾಂ ಚಿಲ್ಲರೆ, ಅದರಲ್ಲೂ ಒಂದಷ್ಟು ಓವನ್ನಿನಲ್ಲೇ ಆವಿಯಾಯ್ತು. ಅಂದ್ರೆ ಕುಕೀಯೊಳಗೆ ಉಳಿದಿರೋ ನೀರಿಗೆ ಹೋಲಿಸಿದರೆ ಮೇಲೆ ಸುರಿದ ನೀರು ಏನೇನೂ ಕಮ್ಮಿಯಲ್ಲ! ಅದು ಎರಡು ದಾರಿ ಹಿಡಿಯುತ್ತೆ. ಒಂದಷ್ಟು ಗಾಳಿಗೆ ಹೋಗುತ್ತೆ, ಒಂದಷ್ಟು ಕೆಳಗಿನ ಒಣ ಕುಕೀಗೆ ಇಳಿಯುತ್ತೆ. ನೀರು ಯಾವಾಗಲೂ ತೇವ ಹೆಚ್ಚಿರೋ ಕಡೆಯಿಂದ ಕಡಿಮೆ ಇರೋ ಕಡೆಗೇ ಸರಿಯೋದು. ಮೇಲ್ಭಾಗ ಒಣಗಿ ಸಕ್ಕರೆಯ ಬಿಗಿ ಪದರ ಕಟ್ಟಿಕೊಂಡ ಮೇಲೆ ಅದೇ ಮುಚ್ಚಳ. ಕುಕೀಯ ದೊಡ್ಡ ಮುಖದಿಂದ ನೀರು ಹೊರಗೆ ಹೋಗೋ ದಾರಿ ಬಹುಪಾಲು ಬಂದ್. ನೀರು ಕೊಟ್ಟಿದ್ದೂ ಐಸಿಂಗೇ, ಕಾದಿದ್ದೂ ಐಸಿಂಗೇ. ಬೋಳು ಕುಕೀಗೆ ಇವೆರಡೂ ಸಿಗಲಿಲ್ಲ. ಇದು ನನಗೆ ಬಹಳ ಇಷ್ಟವಾದ ಸಂಗತಿ: ನಾವು ಅಲಂಕಾರ ಅಂತ ಕರೆಯೋದು ಒಳಗೆ ಇಷ್ಟು ಕೆಲಸ ಮಾಡ್ತಿದೆ.

ಇದೇ ಕಾರಣಕ್ಕೆ ಐಸಿಂಗ್ ತೀರಾ ತೆಳುವಾದರೆ ಕಷ್ಟ. ಬೇಡದಷ್ಟು ನೀರು ಇಳಿದು ಕುಕೀ ಮೆದುವಾಗಿ, ಹಿಡಿದರೆ ಪುಡಿಯಾಗುತ್ತೆ. ಕುಕೀ ಬೆಚ್ಚಗಿರುವಾಗಲೇ ಹಚ್ಚಿದರೆ ಬೆಣ್ಣೆ ಮೇಲಕ್ಕೇರಿ ಎಣ್ಣೆಕಲೆ ಮೂಡುತ್ತೆ. ಪೂರ್ತಿ ಆರಲಿ, ಕನಿಷ್ಠ ಒಂದು ಗಂಟೆ.

[ತೆರೆಯ ಮೇಲೆ: ಐಸಿಂಗ್ ಬಟ್ಟಲಿನಲ್ಲಿ ಚಾಕುವಿನಿಂದ ಗೆರೆ. ಎಣಿಕೆ ನಡೆಯುತ್ತಿದೆ.]

ಹದ ನೋಡೋದು ಹೀಗೆ. ಬಟ್ಟಲಿನಲ್ಲಿ ಚಾಕುವಿನಿಂದ ಒಂದು ಗೆರೆ ಎಳೆಯಿರಿ, ಅದು ಮುಚ್ಚಿ ಸಮ ಆಗೋವರೆಗೂ ಎಣಿಸಿ. 20ರಿಂದ 25 ಸೆಕೆಂಡ್ ಆದರೆ ಅಂಚು ಕಟ್ಟೋ ಹದ. 12ರಿಂದ 15 ಆದರೆ ಒಳಗೆ ತುಂಬೋ ಹದ. 8ಕ್ಕಿಂತ ಕಡಿಮೆ ಆದರೆ ಅಂಚು ದಾಟಿ ಹರಿಯುತ್ತೆ. ಇನ್ನಷ್ಟು ಐಸಿಂಗ್ ಶುಗರ್ ಸೇರಿಸಿ. ಮೊದಲು ಅಂಚಿನ ಗೆರೆ, ತಕ್ಷಣ ಒಳಗೆ ತುಂಬಿ, ಕಡ್ಡಿಯಿಂದ ಮೂಲೆಗಳಿಗೆ ಎಳೆಯಿರಿ, ಗುಳ್ಳೆ ಕಂಡರೆ ಚುಚ್ಚಿ. ಬಟ್ಟಲಿನಲ್ಲಿ ಉಳಿದದ್ದರ ಮೇಲೆ ಒದ್ದೆ ಬಟ್ಟೆ ಮುಚ್ಚಿರಲಿ.

ಆಮೇಲೆ ಫ್ಯಾನ್. ಮೊದಲ ಇಪ್ಪತ್ತು ನಿಮಿಷ ಸಣ್ಣ ಫ್ಯಾನಿನ ಗಾಳಿ ಬೀಸಲಿ. ಕಣ್ಣು, ಗುಂಡಿ, ಅಕ್ಷರದಂಥ ಪುಟ್ಟ ಜಾಗಗಳಲ್ಲಿ ಐಸಿಂಗ್ ನಿಧಾನಕ್ಕೆ ಒಣಗಿದರೆ ನಡು ಕುಸಿದು ಗುಳಿ ಬೀಳುತ್ತೆ. ಬೇಗ ಪೊರೆ ಕಟ್ಟಿದರೆ ಕುಸಿಯೋಕೆ ಅವಕಾಶ ಕಮ್ಮಿ. ಆದರೂ ಬಿದ್ದರೆ, ಮುಂದಿನ ಸಲ ಅಡಿಯಲ್ಲಿ ಗಟ್ಟಿ ಐಸಿಂಗಿನ ಒಂದು ಸುರುಳಿ ಹಾಕಿ, ಅದರ ಮೇಲೆ ತುಂಬಿ. ಫ್ಯಾನ್ ಗಾಳಿಯಿಂದ ಮೇಲ್ಮೈಗೆ ಹೊಳಪೂ ಬರುತ್ತೆ.

ಸಮಯ ಆಗ್ತಾ ಬಂತು, ಉಳಿದದ್ದನ್ನು ಒಟ್ಟಿಗೇ ಹೇಳ್ತೀನಿ. ಬಣ್ಣಕ್ಕೆ ಜೆಲ್ ಬಳಸಿ. ಕೆಂಪು, ಕಪ್ಪು ಇಟ್ಟಷ್ಟೂ ಗಾಢವಾಗುತ್ತೆ, ಅದಕ್ಕೆ ಒಂದು ಮೆಟ್ಟಿಲು ಮುಂಚೆಯೇ ನಿಲ್ಲಿಸಿ. ಗಾಢ ಬಣ್ಣದ ಪಕ್ಕ ಬಿಳಿ ಬರೋದಾದರೆ ಮೊದಲನೇದು ಆರೆಂಟು ಗಂಟೆ ಒಣಗಲಿ, ಇಲ್ಲದಿದ್ದರೆ ಬಣ್ಣ ಹರಿಯುತ್ತೆ. ಒದ್ದೆಯ ಮೇಲೆ ಒದ್ದೆ ಚುಕ್ಕಿ ಇಡೋದಾದರೆ ಎರಡೂ ಒಂದೇ ಹದದಲ್ಲಿರಲಿ, ತಡ ಮಾಡಬೇಡಿ. ಐಸಿಂಗ್ ಕಚ್ಚೋಕೆ ಕಲ್ಲಿನ ಹಾಗಿದೆ ಅನ್ನೋರು 450 ಗ್ರಾಮಿಗೆ ಒಂದು ಚಿಕ್ಕ ಚಮಚ ತಿನ್ನೋ ಗ್ಲಿಸರಿನ್ ಹಾಕಿ.

ಬೋಳು ಕುಕೀ ಆಗಲೇ ಗಟ್ಟಿಯಾಗಿದ್ದರೆ, ಡಬ್ಬಿಯಲ್ಲಿ ಬೇಕಿಂಗ್ ಪೇಪರ್ ತುಂಡಿನ ಮೇಲೆ ಒಂದು ಬ್ರೆಡ್ ಸ್ಲೈಸ್ ಇಟ್ಟು ರಾತ್ರಿ ಮುಚ್ಚಿಡಿ. ಬೆಳಿಗ್ಗೆ ಬ್ರೆಡ್ ಒಣಗಿರುತ್ತೆ, ಕುಕೀ ಮೆತ್ತಗಾಗಿರುತ್ತೆ. ಐಸಿಂಗ್ ಇದ್ದ ಕುಕೀಗೆ ಇದು ಬೇಡ, ಮೇಲ್ಮೈ ಅಂಟಂಟಾಗುತ್ತೆ.

ಐಸಿಂಗ್ ಪೂರ್ತಿ ಒಣಗೋಕೆ 12ರಿಂದ 24 ಗಂಟೆ ಬೇಕು, ಅಲ್ಲಿವರೆಗೂ ಒಂದರ ಮೇಲೊಂದು ಪೇರಿಸಬೇಡಿ. ಆಮೇಲೆ ಗಾಳಿಯಾಡದ ಡಬ್ಬಿ, ಪದರಗಳ ನಡುವೆ ಬೇಕಿಂಗ್ ಪೇಪರ್. ಫ್ರಿಜ್ ಬೇಡ. ಹೆಚ್ಚು ದಿನ ಇಡೋದಾದರೆ ಡಬ್ಬಿಸಮೇತ ಫ್ರೀಜರಿನಲ್ಲಿಡಿ, ಮೂರು ತಿಂಗಳವರೆಗೂ ಇಡಬಹುದು. ಹೊರಗೆ ತೆಗೆದಾಗ ಮಾತ್ರ ಆತುರ ಬೇಡ: ಡಬ್ಬಿ ಕೋಣೆಯ ಬಿಸಿಗೆ ಬರೋವರೆಗೂ ಮುಚ್ಚಳ ತೆಗೀಬೇಡಿ. ಹಾಗೆ ಮಾಡಿದರೆ ಗಾಳಿಯ ತೇವ ಹನಿಗಟ್ಟೋದು ಡಬ್ಬಿಯ ಹೊರಮೈ ಮೇಲೆ, ನೀವು ಬರೆದ ಬಣ್ಣದ ಮೇಲಲ್ಲ.