ಬಾಲ ನೋಡಿ ಸ್ವಾಮಿ, ಬಾಲ!

ನಮಸ್ಕಾರ. ಹಾಸನದ ಬಿ.ಎಂ. ರಸ್ತೆಯ ಪಕ್ಕದ ಕೋಣೆಯಿಂದ ಮಾತನಾಡುತ್ತಿದ್ದೇನೆ. ನಡುವೆ ಲಾರಿ ಹಾರ್ನ್ ಕೇಳಿಸಿದರೆ ಅದನ್ನೂ ಕಾರ್ಯಕ್ರಮದ ಭಾಗವೆಂದೇ ತಿಳಿಯಿರಿ. ಕಳೆದ ಸಂಚಿಕೆಯ ಕೆಳಗೆ ಒಬ್ಬ ಮಹಾಶಯರು ಬರೆದಿದ್ದಾರೆ: "ಮೇಷ್ಟ್ರೇ, ಉದ್ದದ ಇಂಗ್ಲಿಷ್ ಪದಗಳನ್ನು ಬಾಯಿಪಾಠ ಮಾಡಿದರೆ ಮುಗಿಯಿತು. ಪ್ರತ್ಯಯ ಗಿತ್ಯಯ ಯಾರಿಗೆ ಬೇಕು?" ಯಾರಿಗೆ ಬೇಕೇ? ಸ್ವಾಮಿ, ಮೊದಲು ನಿಮಗೇ ಬೇಕು! ಪ್ರತ್ಯಯ ಎಂದರೆ ಪದದ ಕೊನೆಗೆ ಅಂಟುವ ತುಂಡು, ಅದೇ ನಾನು ಹೇಳುವ ಬಾಲ.

'ಫೋಟೋಗ್ರಾಫ್' ಎನ್ನಿ. ಒತ್ತು, ಅಂದರೆ ದನಿ ಜೋರಾಗಿ ಬೀಳುವ ಜಾಗ, 'ಫೋ' ಮೇಲಿದೆ. ಕೊನೆಗೆ ಒಂದು 'ಇ' ದನಿ ಅಂಟಿಸಿ. ಒತ್ತು ಎರಡನೆಯ ಉಚ್ಚಾರಾಂಶಕ್ಕೆ, ಅಂದರೆ ಪದದ ಎರಡನೆಯ ದನಿ ತುಣುಕಿಗೆ ಜಾರಿ, ಇಂಗ್ಲಿಷಿನವರ ಬಾಯಲ್ಲಿ ಅದು 'ಫಟಾಗ್ರಫಿ' ಆಗುತ್ತದೆ. ಅಲ್ಲಿಯೇ 'ಇಕ್' ಇಡಿ, 'ಫೋಟೋಗ್ರ್ಯಾಫಿಕ್'. ಒತ್ತು ಮೂರನೆಯದಾದ 'ಗ್ರ್ಯಾ' ಮೇಲೆ ಹೋಗಿ ಕೂರುತ್ತದೆ. ತಲೆ ಅದೇ, ಬದಲಾದದ್ದು ಬಾಲ. ನಾವೋ, ಮೂರಕ್ಕೂ 'ಫೋ' ಎಂದೇ ಗುದ್ದುತ್ತೇವೆ. ಆದ್ದರಿಂದ ಹೇಳುತ್ತಿರುವುದು, ಬಾಲ ನೋಡಿ!

'ಇಕ್', 'ಇಟಿ', 'ಷನ್' ಬಂದರೆ ಒತ್ತು ಸಾಮಾನ್ಯವಾಗಿ ಅವುಗಳ ಹಿಂದಿನ ಉಚ್ಚಾರಾಂಶಕ್ಕೇ ಬೀಳುತ್ತದೆ. 'ಎಲೆಕ್ಟ್ರಿಕ್' ಎಂಬುದರಲ್ಲಿ 'ಲೆಕ್' ಮೇಲಿದ್ದದ್ದು 'ಎಲೆಕ್ಟ್ರಿಸಿಟಿ'ಯಲ್ಲಿ 'ಟ್ರಿ'ಗೆ ಬಂತು, ಜೊತೆಗೆ 'ಕ' ಹೋಗಿ 'ಸ' ಆಯಿತು. (ಅಂದ ಹಾಗೆ ಈಗಷ್ಟೇ ಕರೆಂಟು ಹೋಗಿ ಬಂತು. ಈ ಸಾಲನ್ನು ಎರಡು ಸಲ ಹೇಳಿದ್ದೇನೆ, ಲೈಕ್ ಒತ್ತಿ.) ಇವೆಲ್ಲ ಲ್ಯಾಟಿನ್, ಗ್ರೀಕ್, ಫ್ರೆಂಚ್ ಕಡೆಯಿಂದ ಬಂದ ನೆಂಟರು. ಮನೆಗೆ ಬಂದ ಮೇಲೆ ಸಾಮಾನನ್ನೆಲ್ಲ ಜರುಗಿಸದೆ ಬಿಡುವವರಲ್ಲ. 'ನೆಸ್', 'ಫುಲ್', 'ಲೆಸ್' ಹಳೆಯ ಇಂಗ್ಲಿಷಿನವು, ಇದ್ದದ್ದನ್ನು ಮುಟ್ಟುವುದಿಲ್ಲ. 'ಮೆಂಟ್' ಹೊರಗಿನದಾದರೂ ಸಾಧು. 'ಗವರ್ನ್‌ಮೆಂಟ್' ಎಂದಾಗ ಒತ್ತು ಮೊದಲಿನ ಜಾಗದಲ್ಲೇ ಇರುತ್ತದೆ, ಜಪ್ಪಯ್ಯ ಎಂದರೂ ಅಲ್ಲಾಡದು. ಹೆಸರಿಗೆ ತಕ್ಕ ನಡತೆ!

"ಇದೆಲ್ಲ ಕನ್ನಡದವರಿಗೆ ಹೊಸತು" ಎಂದು ಇನ್ನೊಬ್ಬರ ಗೋಳು. ಹೊಸತೇ? ಇತಿಹಾಸಕ್ಕೆ 'ಇಕ' ಸೇರಿಸಿದರೆ ಏನಾಗುತ್ತದೆ? ಐತಿಹಾಸಿಕ. ಸಮಾಜ, ಸಾಮಾಜಿಕ. ವೇದ, ವೈದಿಕ. ಕೊನೆಯಲ್ಲಿ ಸೇರಿದ್ದು ಮೊದಲ ಸ್ವರವನ್ನೇ ಬದಲಿಸಿತು! ನಮ್ಮದೇ ಆದ 'ತನ' ಹಾಗೆ ಮಾಡುತ್ತದೆಯೇ? ಬಡತನ, ಜಾಣತನ, ಬಡವನನ್ನೂ ಜಾಣನನ್ನೂ ಅದು ಕೆಣಕುವುದಿಲ್ಲ. ಏಳನೇ ತರಗತಿಯಲ್ಲಿ ಕಲಿತದ್ದು ಮರೆತು ಇಂಗ್ಲಿಷಿನ ಮುಂದೆ ಕೈಕಟ್ಟಿ ನಿಲ್ಲುತ್ತೀರಲ್ಲ!

ಹಳೇಬೀಡಿಗೆ ಹೋದಾಗ ಸಂರಕ್ಷಿತ ಸ್ಮಾರಕದ ಫಲಕ ನೋಡಿದ್ದೀರಲ್ಲ, ಅಲ್ಲಿ 'ಆರ್ಕಿಯಲಾಜಿಕಲ್' ಎಂದಿದೆ. 'ಆರ್ಕಿಯಾಲಜಿ'ಯಲ್ಲಿ ಒತ್ತು ಮೂರನೆಯದಕ್ಕೆ, 'ಇಕಲ್' ಸೇರಿದೊಡನೆ ನಾಲ್ಕನೆಯ 'ಲಾ'ಗೆ. ಮಕ್ಕಳನ್ನು ಪ್ರವಾಸಕ್ಕೆ ಕರೆತಂದ ಮೇಷ್ಟ್ರುಗಳು ಅದನ್ನು ಓದಿಸುವುದನ್ನು ಕೇಳಿದ್ದೇನೆ: ಆ-ರ್ಕಿ-ಯಾ-ಲಾ-ಜಿ-ಕಲ್, ಆರಕ್ಕೆ ಆರೂ ಸಮ ತೂಕ! ದೂರದಲ್ಲಿದ್ದ ನಂದಿಯೂ ಮುಖ ತಿರುಗಿಸಬೇಕು. ಬಾಲ ನೋಡಲಿಲ್ಲ, ಅದಕ್ಕೇ!

"ಪಾಲಿಟಿಕ್ಸ್‌ನಲ್ಲಿ ಒತ್ತು 'ಪಾ' ಮೇಲಿದೆ, ನಿಮ್ಮ ನಿಯಮ ಸುಳ್ಳು" ಎಂದೂ ಒಬ್ಬರು ಕೊಕ್ಕೆ ಹಾಕಿದ್ದಾರೆ. ಅಯ್ಯಾ, ರಾಜಕೀಯ ಯಾವ ನಿಯಮಕ್ಕೆ ಬಗ್ಗಿದೆ? ಅದೂ ಹಾಸನದಲ್ಲಿ ಕುಳಿತು ಈ ಪ್ರಶ್ನೆ ಕೇಳುತ್ತೀರಾ? ಮುಂದೆ ಹೋಗೋಣ.

ಬಾಯಿಪಾಠದವರಿಗೆ ಒಂದು ಸವಾಲು: 'ಆಂಟಿಡಿಸ್‌ಎಸ್ಟಾಬ್ಲಿಷ್‌ಮೆಂಟೇರಿಯನಿಸಂ'. ಇಂಗ್ಲಿಷಿನಲ್ಲಿ ಬರೆದರೆ 28 ಅಕ್ಷರಗಳು. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ, ಸರ್ಕಾರ ಮತ್ತು ಚರ್ಚಿನ ನಂಟು ಕಡಿಯಬಾರದು ಎಂದವರ ನಿಲುವು ಇದು. ಬಾಯಿಪಾಠ ಮಾಡಿದವರು ನಡುವೆ ಉಸಿರು ಬಿಡುತ್ತಾರೆ. ನಾನೋ, ಬಾಲದಿಂದ ಬರುತ್ತೇನೆ. 'ಇಸಂ' ತೆಪ್ಪಗಿದೆ. 'ಏರಿಯನ್' ಒತ್ತನ್ನು ತನ್ನ ಬಳಿಗೇ ಎಳೆದುಕೊಂಡಿದೆ, ಆದ್ದರಿಂದ ಜೋರು 'ಟೇ' ಮೇಲೆ. ಉಳಿದದ್ದು ತಾನಾಗಿ ಉರುಳಿ ಬರುತ್ತದೆ. ಮುಗಿಯಿತು!

ಇನ್ನೂ ನಂಬಿಕೆ ಬರಲಿಲ್ಲವೇ? ನನ್ನ ಭಾನುವಾರದ ತರಗತಿಗೆ ಬನ್ನಿ, ಶುಲ್ಕ ಕಡಿಮೆ, ಬೈಗುಳ ಉಚಿತ. ಬರುವುದಿಲ್ಲವಾದರೆ ಬಿಡಿ, ಆದರೆ ಬಾಲ ನೋಡಿ! ಏಕೆ ಎಂದು ಮತ್ತೆ ಕೇಳಬೇಡಿ, ಬಾಲ ನೋಡಿ ಎಂದರೆ ನೋಡಿ!

ಮುಂದಿನ ವಾರ, 'ವಾಕ್ಟ್' ಎನ್ನಬೇಕಾದಲ್ಲಿ 'ವಾಕೆಡ್' ಎನ್ನುವವರ ಸರದಿ. ಅವರು ಈಗಲೇ ಗಂಟೆಯ ಗುಂಡಿ ಒತ್ತಿಟ್ಟುಕೊಳ್ಳಲಿ.